ಕೆಂಪು ಬೋರ್ಡು

ಗಜೇಂದ್ರಗಡ
೯ ಜುಲೈ ೨೦೧೨, ಸೋಮವಾರ

ಪ್ರೀತಿಯ ಅನ್ನಪೂರ್ಣಕ್ಕಾ,

ತಂಗಿ ನೀಲಾಳ ಶರಣು. ಮೊಣಕಾಲು ನೋವು ಹೇಗಿದೆ? ದವಾಖಾನೆಯಲ್ಲಿ ಕೊಟ್ಟ ಎಣ್ಣೆ ಹಚ್ಚುತ್ತೀಯೋ, ದೇವರ ಗೋಡೆಮಾಡದಲ್ಲಿಟ್ಟು ಪೂಜೆ ಮಾಡುತ್ತೀಯೋ? ಇಲ್ಲಿ ನಾವು ಆರಾಮ. ಹಾಗೆಂದು ಬರೆಯಬೇಕಲ್ಲ, ಬರೆದೆ. ಮೊಬೈಲ್ ಅಂಗಡಿಯವನ ಹೆಂಡತಿ ಕಾಗದ ಬರೆಯುತ್ತಾಳೆಂದು ನಗಬೇಡ, ಕಾರಣ ಇದೆ.

ಇವರ ಅಂಗಡಿ, ನಮ್ಮ ಕಳಕೇಶಣ್ಣನ ಅಂಗಡಿ ಎದುರುಬದುರು ಇರುವುದು ನಿನಗೆ ಗೊತ್ತಿದ್ದದ್ದೇ. ಟಚ್ ಫೋನ್ ಬಂದಾಗಿನಿಂದ ಇಬ್ಬರ ತಲೆಯೂ ನೆಟ್ಟಗಿಲ್ಲ. ಇವರು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ದುಬಾರಿ ಫೋನಿನ ಪರದೆಯಂಥವೇ ಚಿತ್ರ ಕೂರಿಸಿ ಕೊಡಲು ಶುರು ಮಾಡಿದರು. ಮೂರನೇ ದಿನ ಅಣ್ಣನೂ ಅದನ್ನೇ ಮಾಡಿದ. ಇವರು ಫೋನಿನ ಗಾಜಿಗೆ ಗೀರು ಬೀಳದ ಹಾಳೆ ಪುಕ್ಕಟೆ ಅಂಟಿಸಿದರೆ ಅವನೂ ಪುಕ್ಕಟೆ. ದೊಡ್ಡ ಕಂಪನಿಗಳೂ ಹೀಗೇ ನಕಲಿನ ಸಲುವಾಗಿ ಅಮೆರಿಕದ ಕೋರ್ಟಿನಲ್ಲಿ ಕಾದಾಡುತ್ತಿವೆಯಂತೆ. ಪೇಪರಿನಲ್ಲಿ ಅದನ್ನು ಓದಿ ಇವರು ನನ್ನ ಮುಖ ನೋಡಿ, “ಆ ಕಂಪನ್ಯಾಗೂ ನಿನ್ನಂಥಾಕಿ ಒಬ್ಬಾಕಿ ಇರಬೇಕ ನೋಡು” ಅಂದರು. ನಾನು ನಕ್ಕೆ. ಆಮೇಲೆ ತಿಳಿಯಿತು, ಸುದ್ದಿ ದಾಟಿಸುವವಳು ನಾನೇ ಎಂಬ ಗುಮಾನಿ ಅದು.

ಹೋದ ವಾರ, ಬೋರ್ಡಿಗೆ ಕೆಂಪು ಬಣ್ಣ ಹೊಡೆಸುತ್ತೇನೆಂದು ನನ್ನೊಬ್ಬಳಿಗೇ ಹೇಳಿದರು. ಮಾತಿಗೆ ಮಾತು ಬಂದು ನಾನು ಫೋನಿನಲ್ಲಿ ನಿನಗೆ ಹೇಳಿದೆ, ನೀನು ಅಕ್ಕರೆಯಿಂದ ಅಣ್ಣನಿಗೆ ಹೇಳಿದೆ. ಗುರುವಾರ ಬೆಳಗ್ಗೆ ಅಣ್ಣನ ಬೋರ್ಡು ಕೆಂಪು. ನಮ್ಮದು ನೀಲಿಯೇ ಇತ್ತು. ಬಣ್ಣದ ಮಾತೇ ಸುಳ್ಳು, ನನ್ನನ್ನು ಹಿಡಿಯಲಿಕ್ಕೆ ಹೇಳಿದ್ದು. ಇವರು ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ರಿಪೇರಿ ಮಾಡುತ್ತೇನೆಂದು ನನ್ನ ಫೋನು ಒಯ್ದರು, ಇನ್ನೂ ಬಂದಿಲ್ಲ. ಅಂಗಡಿಯ ಮೇಲೇ ಮನೆ. ಕಿಟಕಿಗೆ ನಿಂತರೆ ಅಣ್ಣ ಕಾಣುತ್ತಾನೆ, ಕೈ ಎತ್ತಲೂ ಹೆದರಿಕೆ. ಇವರದೇ ತಪ್ಪು ಅನ್ನಲೂ ಬಾಯಿ ಬರುವುದಿಲ್ಲ ಅಕ್ಕಾ, ಎಲ್ಲವೂ ಮೊದಲು ಹೊಳೆದದ್ದು ಇವರಿಗೇ.

ಪಂಚಮಿಗೆ ತವರಿಗೆ ಕರೆಯಲು ಅಣ್ಣ ಈ ರಸ್ತೆ ದಾಟುತ್ತಾನೋ ಇಲ್ಲವೋ. ಭಾವನವರಿಗೆ ಶರಣು, ಮಕ್ಕಳಿಗೆ ಮುತ್ತು.

ನಿನ್ನ
ನೀಲಾ

ತಾ.ಕ.: ನಿನ್ನೆ ಊಟಕ್ಕೆ ಕೂತಾಗ ಇವರು ಮತ್ತೊಂದು ಹೇಳಿದರು, ನನ್ನೊಬ್ಬಳಿಗೇ. “ಶುಕ್ರವಾರ ನಿಮ್ಮಣ್ಣ ಇಳಿಸ್ಕೊಳ್ಳೋ ಪೆಟಿಗಿ ಅಷ್ಟೂ ನಕಲಿ ಮಾಲು. ಪೊಲೀಸರಿಗೆ ಸುದ್ದಿ ಹೋಗೈತಿ.” ಖರೆಯೋ, ಇದೂ ಕೆಂಪು ಬಣ್ಣವೋ ತಿಳಿಯದು. ಖರೆ ಇದ್ದು ನಾನು ಸುಮ್ಮನಿದ್ದರೆ ಅಣ್ಣ ಜೈಲಿಗೆ ಹೋಗುತ್ತಾನೆ. ಪೆಟ್ಟಿಗೆ ತಿರುಗಿ ಹೋದರೆ ಹೇಳಿದವಳು ನಾನೇ ಎಂದು ಇವರಿಗೆ ಗೊತ್ತಾಗುತ್ತದೆ. ಪೆಟ್ಟಿಗೆ ಬೇಡವೆಂದು ಅಣ್ಣನಿಗೆ ಹೇಳು. ಶನಿವಾರ ಮೊದಲ ಬಸ್ಸಿಗೆ ನೀನೇ ಬಾ, ಪಂಚಮಿಗೆ ಕರೆಯಲು ಬಂದೆ ಅನ್ನು. ಅಷ್ಟರಲ್ಲಿ ಪೆಟ್ಟಿಗೆ ತಿರುಗಿ ಹೋಗಿರುತ್ತದೆ, ಇಷ್ಟು ಮೊದಲೇ ಯಾಕೆ ಎಂದು ಇವರು ಕೇಳುವುದಿಲ್ಲ.