ಮಾತ್ರೆಗೆ ತುಪ್ಪ

ಪಂಕಜಾಕ್ಷೀ,

ಬಾಯಿಯಲ್ಲಿ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀ. ಅದಕ್ಕೇ ಬರೆದಿಟ್ಟು ಸುಳ್ಯದ ಬಸ್ಸಿಗೆ ಹೊರಟಿದ್ದೇನೆ.

ಕೈಯ ಹುಳಕಡ್ಡಿಗೆ ಕೊಟ್ಟ ಮಾತ್ರೆಯನ್ನು ಇನ್ನು ಗಂಜಿತಿಳಿಯಲ್ಲಿ ನುಂಗಬೇಡ. ಮಧ್ಯಾಹ್ನ ಅನ್ನಕ್ಕೆ ಧಾರಾಳ ತುಪ್ಪ ಹಾಕಿ ಉಂಡು, ಅದರೊಟ್ಟಿಗೇ ತೆಗೆದುಕೋ. ಪಥ್ಯ ಗಿಥ್ಯ ಸಾಕು.

ಫಾರ್ಮಸಿ ಕಾಲೇಜಿನಿಂದ ರಜೆಗೆ ಬಂದ ನಮ್ಮ ಮೋಹಿನಿ ಮೊನ್ನೆ ಕೇಳಿದ್ದಳಲ್ಲ, "ಅಮ್ಮ, ಮಾತ್ರೆ ಎಂತದರ ಒಟ್ಟಿಗೆ ತಗೊಳ್ಳುದು?" ಎಂದು. ಆ ಮಾತ್ರೆ ನೀರಿನಲ್ಲಿ ಕರಗುವುದೇ ಕಷ್ಟ, ಹೊಟ್ಟೆಯಲ್ಲಿ ಕರಗದಿದ್ದರೆ ರಕ್ತಕ್ಕೆ ಸೇರುವುದಿಲ್ಲ, ಜಿಡ್ಡಿನ ಊಟವಾದರೆ ಹೆಚ್ಚು ಕರಗುತ್ತದೆ ಎಂದಳು. ನೀನು ನಕ್ಕುಬಿಟ್ಟೆ. ನಾನು ನಿನ್ನೆ ಪುತ್ತೂರಿನ ಡಾಕ್ಟರಲ್ಲಿ ಕೇಳಿದೆ.

"ಮಗಳು ಹೇಳಿದ್ದು ಸರಿ ಉಂಟು ಮಾರಾಯ್ರೆ. ಅವರು ತುಪ್ಪ ಬಿಟ್ಟದ್ದು ನನಗೆ ಗೊತ್ತೇ ಇರ್ಲಿಲ್ಲ," ಎಂದರು. "ಯಾವ ಕಾಲೇಜು?" ಎಂದೂ ಕೇಳಿದರು. ಕಾಲೇಜಿನ ಹೆಸರನ್ನು ನಾನು ಹೊರಗೆ ಕುಳಿತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

ಪೂರ್ತಿ ಗುಣವಾಗಲು ಕೆಲವು ವಾರ ಬೇಕಂತೆ. ಮೊಮ್ಮಗು ಹುಟ್ಟಿದಂದಿನಿಂದ ನೀನು ಹುಳಕಡ್ಡಿ ಅಂಟೀತೆಂದು ಮುಟ್ಟದೆ, ಬಾಗಿಲಲ್ಲೇ ನಿಂತು ನೋಡುವುದನ್ನು ಸೊಸೆಯೂ ಕಂಡಿದ್ದಾಳೆ. ಅನ್ನಪ್ರಾಶನದ ಮೊದಲ ತುತ್ತು ಅಜ್ಜಿಯ ಕೈಯಿಂದಲೇ ಆಗಬೇಕು ಎಂದು ಅವಳ ಹಠ.

ಸರ್ವೋತ್ತಮ