ಕೊನೆಯ ಪುಟದವರೆಗೆ

ನಿಶಿ ಕಸಾಯಿ, ಟೋಕಿಯೋ
೨೨ ಜೂನ್ ೨೦೨೫

ಪ್ರೀತಿಯ ಪದ್ಮಕ್ಕನಿಗೆ ನಿನ್ನ ತಂಗಿ ವೇದಾಳ ನಮಸ್ಕಾರ.

ಏಪ್ರಿಲ್‌ನಲ್ಲಿ ಬರೆಯಬೇಕಾದ ಕಾಗದವನ್ನು ಜೂನ್‌ನಲ್ಲಿ ಬರೆಯುತ್ತಿದ್ದೇನೆ, ಬೈದುಕೋ. ದಿನಾ ಫೋನ್ ಮಾಡುವವಳಿಗೆ ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ “ಯಾವಾಗ ವಾಪಸ್ ಬರ್ತೀಯೇ?” ಅಂತ ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ನನ್ನ ಮಾತು ಪೂರ್ತಿ ಕೇಳಲೇಬೇಕು. ನೀನು ಕಳಿಸಿದ ಚಟ್ನಿಪುಡಿ ಸೇರಿತು. ಇವರು ಅದನ್ನು ಕೊಂಬಿನಿಯಲ್ಲಿ, ಅಂದರೆ ಬೀದಿಮೂಲೆಯ ಅಂಗಡಿಯಲ್ಲಿ, ಕೊಂಡ ಅನ್ನದುಂಡೆಗೂ ಹಚ್ಚಿಕೊಂಡು ತಿನ್ನುತ್ತಾರೆ.

ಈಗ ನಾನು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಐದನೇ ತರಗತಿಯ ಕ್ಲಾಸ್ ಟೀಚರ್. ಇಷ್ಟು ದಿನ ಯಾರಾದರೂ ರಜೆ ಹಾಕಿದರೆ ಹೋಗಿ ಕೂರುತ್ತಿದ್ದೆ. ಈಗ ನನ್ನದೇ ಕ್ಲಾಸು, ನನ್ನದೇ ಬೀರು. ಮೊದಲ ವಾರ ಮಕ್ಕಳ ಅಪ್ಪ ಅಮ್ಮಂದಿರಿಗೆ ನನ್ನ ಪರಿಚಯ ಬರೆದು ಕಳಿಸಬೇಕಿತ್ತು. ಊರು ಮೈಸೂರು, ಓದು ಬಿ.ಎಡ್., ಸಂಗೀತ ಬರುತ್ತದೆ ಎಂದೆಲ್ಲ ಬರೆದೆ. ಇವರು ಓದಿ, “ಏನೇ ಇದು, ಹೆಣ್ಣು ನೋಡೋಕೆ ಬರೋವ್ರಿಗೆ ಕಳಿಸೋ ಬಯೋಡೇಟಾ ಇದ್ದಂಗಿದೆ” ಅಂದರು. ಸಿಟ್ಟು ಬಂದು ಎಲ್ಲ ಹೊಡೆದುಹಾಕಿದೆ. ಈ ವರ್ಷ ಮಕ್ಕಳಿಗೆ ಮೂರು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ, ಮಾರ್ಚ್‌ಗೆ ಮುಗಿಸುತ್ತೇನೆ ಎಂದಷ್ಟೇ ಬರೆದೆ.

ಮೊದಲ ದಿನ ಮಕ್ಕಳಿಗೂ ಅದನ್ನೇ ಹೇಳಿದೆ. ಗ್ಯೋಟೋಕುವಿನಿಂದ ಬರುವ ತಾರಾ ಎಂಬ ನಮ್ಮ ಕಡೆಯ ಹುಡುಗಿ ಕೈ ಎತ್ತಿ, “ಮ್ಯಾಮ್, ಮಾರ್ಚ್‌ವರೆಗೂ ನೀವೇ ಇರ್ತೀರಾ?” ಎಂದಳು. ಹೋದ ವರ್ಷದ ಟೀಚರ್ ಕಾದಂಬರಿ ಅರ್ಧ ಇದ್ದಾಗಲೇ ಊರಿಗೆ ಹೊರಟರಂತೆ. ಅಪ್ಪಂದಿರ ಪ್ರಾಜೆಕ್ಟ್ ಮುಗಿದರೆ ಗೆಳೆಯರೂ ಹೊರಟುಬಿಡುತ್ತಾರೆ. ಇಲ್ಲಿ ಯಾರಾದರೂ ಬಿಟ್ಟು ಹೋಗುವಾಗ ಒಂದು ಚೌಕದ ರಟ್ಟಿನ ಮೇಲೆ ಎಲ್ಲರೂ ಒಂದೊಂದು ಸಾಲು ಬರೆದು ಕೊಡುತ್ತಾರೆ. ಪ್ರಹ್ಲಾದ ಎಂಬ ತರಲೆ ಬೀರು ತೆಗೆದು, ಹೊಸ ರಟ್ಟುಗಳನ್ನು ತೋರಿಸಿದ. “ಸ್ಟಾಕ್ ಇದೆ ಮ್ಯಾಮ್, ಬೇಕೇ ಆಗತ್ತೆ” ಎಂದ. ಎಲ್ಲರೂ ನಕ್ಕರು. ನಾನು ಹೋಗಿ ಬೀರು ಮುಚ್ಚಿದೆ, ಅಕ್ಕ.

“ಮೂರನೇ ಪುಸ್ತಕದ ಕೊನೇ ಪುಟದವರೆಗೂ ನಾನೆಲ್ಲೂ ಹೋಗಲ್ಲ” ಎಂದೆ. ತಾರಾ ಎದ್ದು ಬಂದು ಕಿರುಬೆರಳು ಚಾಚಿದಳು. ಇಲ್ಲಿನ ಮಕ್ಕಳು ಮಾತು ಕೊಡುವಾಗ ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕುತ್ತಾರೆ. ಅವಳ ಹಿಂದೆ ಇಡೀ ಕ್ಲಾಸೇ ಸಾಲು ನಿಂತಿತು.

ಮೊದಲ ಕಾದಂಬರಿ ದೀಪಸ್ತಂಭದಲ್ಲಿ ಬೆಳೆದ ಅಣ್ಣ ತಂಗಿಯದು. ಬಿರುಗಾಳಿಯ ಅಧ್ಯಾಯ ಓದುತ್ತ ಊಟದ ಬೆಲ್ ಕೇಳಿಸಲೇ ಇಲ್ಲ. ಆಫೀಸಿನ ಒಕಾಮೊತೊ ಸಾನ್ “ಸುಮಿಮಾಸೆನ್”, ಕ್ಷಮಿಸಿ, ಎನ್ನುತ್ತ ಎಚ್ಚರಿಸಲು ಬಂದರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ದೋಣಿ ದಡ ಸೇರುವತನಕ ಬಾಗಿಲಲ್ಲೇ ನಿಂತುಬಿಟ್ಟರು. ಈಗ ಎರಡನೆಯದು ನಡೆದಿದೆ, ಸರ್ಕಸ್ ನಡೆಸುವ ಅಜ್ಜಿಯ ಕಥೆ. ಥೇಟ್ ನಿನ್ನ ಅತ್ತೆಯೇ. ಈ ವಾರದಿಂದ ದಿನಕ್ಕೆ ಎರಡೆರಡು ಅಧ್ಯಾಯ ಓದುತ್ತಿದ್ದೇನೆ. ಮೊನ್ನೆ ತಾರಾ, “ಯಾಕ್ ಮ್ಯಾಮ್ ಇಷ್ಟು ಫಾಸ್ಟು? ಸ್ಲೋ ಆಗಿ ಓದಿ, ಮುಗಿದೇ ಹೋಗತ್ತೆ” ಎಂದಳು. ಕಥೆ ಚೆನ್ನಾಗಿದೆ, ನನಗೇ ತಡೆಯಲಾಗುತ್ತಿಲ್ಲ ಎಂದೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ. ನಿಮ್ಮ ಲೀಲಾಗೆ ಚಿಕ್ಕಮ್ಮನ ಆಶೀರ್ವಾದ. ನೂರು ಪುಸ್ತಕ ಓದಲಿ. ನನಗೆ ನಿನ್ನ ಆಶೀರ್ವಾದವಿರಲಿ.

ನಿನ್ನ,
ವೇದಾ

ತಾ.ಕ.: ಹೋದ ವಾರ ಇವರ ಆಫೀಸಿನಿಂದ ಆರ್ಡರ್ ಬಂತು. ಸೆಪ್ಟೆಂಬರ್ ಕೊನೆಗೆ ಬೆಂಗಳೂರಿಗೆ ವಾಪಸ್. ಫೋನಿನಲ್ಲಿ ನಿನಗೆ ಹೇಳದೆ ನುಂಗಿಕೊಂಡೆ. ಎರಡೆರಡು ಅಧ್ಯಾಯ ಓದುವುದು ಅದಕ್ಕೇ. ಮೂರನೆಯದರ ಕೊನೆಯ ಪುಟ ಮುಟ್ಟಿದರೆ ಮಾತು ಉಳಿಸಿಕೊಂಡ ಹಾಗಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ತಾರಾ ಕೇಳಿದ್ದು ಮಾರ್ಚ್‌ವರೆಗೆ ಇರ್ತೀರಾ ಅಂತ, ನನಗೆ ಗೊತ್ತು. ಮಕ್ಕಳಿಗೆ ಇನ್ನೂ ಹೇಳಿಲ್ಲ. ಪುಸ್ತಕ ತೆಗೆಯಲು ದಿನಾ ಅದೇ ಬೀರು ತೆರೆಯಬೇಕು, ರಟ್ಟುಗಳು ಕಣ್ಣಿಗೆ ಬೀಳುತ್ತವೆ. ನೀನು ಸಂತೋಷಪಡು ಅಕ್ಕ, ಎಷ್ಟು ವರ್ಷದಿಂದ ಕಾದಿದ್ದೀಯ. ಆದರೆ ಒಂದು ವಾರ ನನಗೆ ಫೋನ್ ಮಾಡಬೇಡ.