ಕೈಯಳತೆಯ ಉಪ್ಪು

ಮಂಗಳವಾರ, ಮಧ್ಯಾಹ್ನ ಮೂರೂವರೆ
ಕ್ಯಾಂಟೀನಿನ ಅಡುಗೆಮನೆಯಿಂದ

ನನ್ನ ಪುಟ್ಟಿಗೆ ಅಮ್ಮನ ನೂರು ಆಶೀರ್ವಾದ.

ಕೈಯಲ್ಲಿ ಫೋನ್ ಇದ್ದೂ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ನಮ್ಮದು ಎರಡು ಕೋಣೆಯ ಮನೆ, ಒಂದರಲ್ಲಿ ಪಿಸುಗುಟ್ಟಿದರೆ ಇನ್ನೊಂದರಲ್ಲಿ ಕೇಳುತ್ತದೆ. ಈ ವಿಷಯ ಅಪ್ಪನ ಕಿವಿಗೆ ಬೀಳಬಾರದು. ಊಟದ ಗಲಾಟೆ ಮುಗಿದಿದೆ, ತರಕಾರಿ ಹೆಚ್ಚುವ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಎಣ್ಣೆ ಕಲೆ ಕಂಡರೆ ಬೈಯಬೇಡ.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಅಪ್ಪನ ಬಿ.ಪಿ. ಇಳಿದಿಲ್ಲ, ಮೂತ್ರಪಿಂಡ ಇನ್ನಷ್ಟು ಸೋತಿದೆ. ಕಾಲು ಊದಿ ಚಪ್ಪಲಿ ಹಿಡಿಸುತ್ತಿಲ್ಲ. ಹೋಗಿದ್ದು ಹೋಯ್ತು, ಅದು ವಾಪಸ್ ಬರಲ್ಲ, ಹೀಗೇ ಆದ್ರೆ ವರ್ಷದೊಳಗೆ ಡಯಾಲಿಸಿಸ್ ಅಂದರು ಡಾಕ್ಟರು. ನೀರಿಗೂ ಮಿತಿ ಹಾಕಿದ್ದಾರೆ, ದಿನಕ್ಕೆ ಒಂದೇ ಲೀಟರ್. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ. ನಿನ್ನಪ್ಪನಿಗೆ ಆ ಭಾಗ್ಯವೂ ಇಲ್ಲ ನೋಡು.

ಇನ್ನು ನನ್ನ ವಿಷಯ. ಎಂಟು ತಿಂಗಳ ಹಿಂದೆ ಅಪ್ಪ ಆಸ್ಪತ್ರೆಯಲ್ಲಿ ಮೂರು ವಾರ ಸಪ್ಪೆ ಊಟ ಮಾಡಿ ಮನೆಗೆ ಬಂದಾಗ, ದಿನಕ್ಕೆ ಉಪ್ಪು ಒಂದು ಚಮಚ ದಾಟಬಾರದು ಎಂದು ಹೇಳಿ ನೀನು ಅಳತೆಯ ಚಮಚ ಕಳಿಸಿದ್ದೆ. ದಿನಾ ಅದರಲ್ಲೇ ಹಾಕುತ್ತಿದ್ದೇನೆ ಎಂದು ನಾನು ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ಬಂದ ದಿನವೇ ಅದನ್ನು ಮೇಜಿನ ಖಾನೆಗೆ ಎಸೆದಿದ್ದೆ. ಇಪ್ಪತ್ತೆರಡು ವರ್ಷದಿಂದ ದಿನಾ ಆರುನೂರು ಜನಕ್ಕೆ ಕೈಯಳತೆಯಲ್ಲೇ ಉಪ್ಪು ಹಾಕಿದವಳಿಗೆ ಚಮಚ ಹಿಡಿಯಲು ಹೇಳಿಕೊಡುತ್ತಾಳಲ್ಲ ಎಂದು ಸಿಟ್ಟು ಬಂದಿತ್ತು. ನನ್ನ ಅಡುಗೆಗೆ ಯಾರಾದರೂ ಹೆಸರಿಟ್ಟರೆ ಎರಡು ದಿನ ಊಟ ಬಿಡುವವಳು ನಾನು, ನಿನಗೆ ಗೊತ್ತಲ್ಲ.

ಹಾಗಂತ ಅಪ್ಪನ ಪಥ್ಯದಲ್ಲಿ ಸೋಮಾರಿತನ ಮಾಡಲಿಲ್ಲ. ಅವರ ಸೂಪು, ಅವರ ತರಕಾರಿ ಬೇರೆಯೇ ಪಾತ್ರೆಯಲ್ಲಿ. ಉಪ್ಪು ಕೊನೆಗೆ, ಚಿಟಿಕೆ ಚಿಟಿಕೆಯಾಗಿ. ನಾಲಿಗೆಗೆ ಇನ್ನೂ ಸಪ್ಪೆ ಅನ್ನಿಸುವಾಗಲೇ ಕೈ ನಿಲ್ಲಿಸುತ್ತಿದ್ದೆ. ಒಂದು ದಿನ ಅಪ್ಪ ಊಟದ ನಡುವೆ, ಪುಟ್ಟಿ ಕಳಿಸಿದ ಚಮಚ ಎಲ್ಲಿಟ್ಟೆ ಕಣೇ ಅಂತ ಕೇಳಿದರು. ಯಾಕೆ, ನನ್ನ ಕೈ ಮೇಲೆ ನಂಬಿಕೆ ಇಲ್ವಾ ಅಂತ ನಾನು ಹಾರಿಬಿದ್ದೆ. ಸುಮ್ಮನೆ ಕೇಳ್ದೆ ಅಂದು ಬಟ್ಟಲು ಖಾಲಿ ಮಾಡಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಇಷ್ಟಾದರೂ ಬಿ.ಪಿ. ಏರುತ್ತಲೇ ಇತ್ತು. ಇವರೇ ಕದ್ದು ಏನೋ ತಿನ್ನುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಜೇಬು ತಡಕಿದೆ, ಚೀಲ ಕೊಡವಿದೆ, ಪೊಲೀಸಿನವರ ಹಾಗೆ ದಿನಾ ವಿಚಾರಿಸಿದೆ. ಕೊನೆಗೊಂದು ದಿನ ಒಪ್ಪಿಕೊಂಡರು. ಹೌದು ಕಣೇ, ನಮ್ಮ ಕನ್ನಡಕದ ಅಂಗಡಿ ಎದುರು ಗಾಡಿ ಇದೆಯಲ್ಲ, ಅಲ್ಲಿ ದಿನಾ ಒಂದು ಪೊಟ್ಟಣ ಖಾರದ ಕಡಲೆಬೀಜ ತಿಂತೀನಿ, ಚಪಲ ತಡೆಯಕ್ಕಾಗಲ್ಲ ಅಂದರು. ನಾನು ಬಿಟ್ಟೇನೆಯೇ? ಡಾಕ್ಟರ ಮುಂದೆಯೇ ಹೇಳಿ ಮಾನ ಕಳೆದೆ. ಡಾಕ್ಟರು ಬೈಯುವಷ್ಟು ಹೊತ್ತೂ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎರಡು ತಿಂಗಳು ನಾನು ಅವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ಹೋದ ವಾರ ಬಿ.ಪಿ. ನೋಡಲು ಬಂದ ನರ್ಸಮ್ಮನಿಗೆ, ಪಥ್ಯ ಅಂದ್ರೆ ಹೀಗಿರಬೇಕು, ನೋಡಿ ಅಂತ ಜಂಬದಿಂದ ಅಪ್ಪನ ಸೂಪನ್ನೇ ಒಂದು ಬಟ್ಟಲು ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟು ನೀರು ಕೇಳಿದಳು. ಇದು ಅವರದ್ದಾ ನಿಮ್ಮದ್ದಾ ಆಂಟಿ ಅಂದಳು. ಅವಳು ಹೋದ ಮೇಲೆ ಖಾನೆಯಿಂದ ನಿನ್ನ ಚಮಚ ತೆಗೆದು, ನಾನು ದಿನಕ್ಕೆ ಹಾಕುವ ಚಿಟಿಕೆಗಳನ್ನೆಲ್ಲ ಅದಕ್ಕೆ ಸುರಿದೆ. ಮೂರು ಚಮಚ ತುಂಬಿ ಇನ್ನೂ ಉಳಿಯಿತು.

ನನ್ನ ನಾಲಿಗೆ ಸತ್ತಿದೆ ಪುಟ್ಟಿ. ಹೇಗೆ ಸತ್ತಿತು ಎಂಬುದೂ ಈಗ ಗೊತ್ತಾಗುತ್ತಿದೆ. ಕ್ಯಾಂಟೀನಿನಲ್ಲಿ ದೂರು ಬರೆದು ಹಾಕುವ ಡಬ್ಬಿ ಇದೆ. ಸಪ್ಪೆ ಎಂಬ ಚೀಟಿ ಬಂದಾಗಲೆಲ್ಲ ಮರುದಿನ ಅರ್ಧ ಹಿಡಿ ಹೆಚ್ಚು ಹಾಕುತ್ತಿದ್ದೆ. ಉಪ್ಪು ಜಾಸ್ತಿ ಎಂಬ ಚೀಟಿ ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ. ಅವರ ನಾಲಿಗೆಯ ಜೊತೆ ನನ್ನದೂ ಮೆಟ್ಟಿಲು ಹತ್ತುತ್ತಾ ಹೋಯಿತು. ಮೊನ್ನೆ ಧೈರ್ಯ ಮಾಡಿ ಕಾಲು ಭಾಗ ಕಡಿಮೆ ಮಾಡಿದೆ. ಮೇಜಿನ ಮೇಲಿನ ಉಪ್ಪಿನ ಡಬ್ಬಿಗಳೆಲ್ಲ ಒಂದು ಗಂಟೆಗೇ ಖಾಲಿ, ಮೂವತ್ತೆಂಟು ಚೀಟಿ. ಜನ ಕೇಳಿದ್ದು ಕೊಡೋದಷ್ಟೇ ನಮ್ ಕೆಲಸ ಅಕ್ಕಾ, ನಾವೇನು ಅವರ ಡಾಕ್ಟರಾ ಅಂದರು ಮ್ಯಾನೇಜರು. ಮರುದಿನ ಮೊದಲಿನಷ್ಟೇ ಹಾಕಿದೆ. ನಾನೊಬ್ಬಳು ಏನು ಮಾಡಲಿ, ಹೇಳು.

ಮನೆಯಲ್ಲಿ ಈಗ ಚಮಚದಲ್ಲೇ ಅಳೆದು ಹಾಕುತ್ತೇನೆ. ನನಗೆ ಅದು ಬಿಸಿನೀರು ಕುಡಿದ ಹಾಗಿರುತ್ತದೆ. ಅಪ್ಪ ಮಾತ್ರ ಚೆನ್ನಾಗಿದೆ ಕಣೇ ಎನ್ನುತ್ತಾರೆ. ಏನು ಬದಲಾಯಿತು ಎಂದು ಅವರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ತಪ್ಪು ಇಬ್ಬರದೂ ಇದೆಯಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ನಾನು ಉಪ್ಪು ಹಾಕಿದೆ ನಿಜ, ಅವರೂ ಕದ್ದು ತಿಂದರಲ್ಲ. ಅರ್ಧ ಪಾಪ ಅವರದು ಎಂದುಕೊಂಡರೆ ಸ್ವಲ್ಪ ನಿದ್ದೆ ಹತ್ತುತ್ತದೆ. ನೀನೇ ಹೇಳು, ಅಪ್ಪನಿಗೆ ಹೇಳಲೋ ಬೇಡವೋ? ಬೈದರೂ ಪರವಾಗಿಲ್ಲ, ಉತ್ತರ ಬರಿ.

ಇಂತಿ ನಿನ್ನನ್ನು ನೆನೆಯುತ್ತಿರುವ,
ಅಮ್ಮ

ತಾ.ಕ.: ಬುಧವಾರ. ಕಾಗದ ಇನ್ನೂ ಚೀಲದಲ್ಲೇ ಇದೆ. ನಮ್ಮವರಿಗೆ ಇನ್ನು ಮೇಲೆ ಏನೂ ಕೊಡಬೇಡಪ್ಪ ಎಂದು ಹೇಳಲು ಬೆಳಿಗ್ಗೆ ಆ ಕಡಲೆಬೀಜದ ಗಾಡಿಗೆ ಹೋಗಿದ್ದೆ. ಯಾರು, ಕನ್ನಡಕದ ಅಂಗಡಿಯೋರಾ, ಅವರು ಆಸ್ಪತ್ರೆಯಿಂದ ಬಂದ್ಮೇಲೆ ಒಂದು ಕಾಳೂ ಮುಟ್ಟಿಲ್ಲಮ್ಮ ಅಂದ ಅವನು. ಸುಮ್ನೆ ಕೊಟ್ರೂ ಬೇಡ ಅಂತಾರಂತೆ, ನಮ್ಮೋಳು ನಂಗೋಸ್ಕರ ಬೇರೆ ಅಡುಗೆ ಮಾಡ್ತಾಳೆ, ಅವಳ ಶ್ರಮ ಹಾಳಾಗಬಾರದು ಅಂತಾರಂತೆ. ಮೂರು ವಾರ ಸಪ್ಪೆ ತಿಂದು ಬಂದ ನಾಲಿಗೆ, ಮೊದಲ ಗುಟುಕಿಗೇ ಅವರಿಗೆ ಗೊತ್ತಾಗಿದೆ ಪುಟ್ಟಿ. ನನ್ನ ಕೈಗೆ ಕೆಟ್ಟ ಹೆಸರು ಬರಬಾರದು ಎಂದು ಮಾಡದ ಕಳ್ಳತನ ಒಪ್ಪಿಕೊಂಡು, ನಾನು ಬಡಿಸಿದ್ದನ್ನೆಲ್ಲ ಉಂಡಿದ್ದಾರೆ. ಇವತ್ತು ಸಂಜೆ ಮನೆಗೆ ಹೋಗಿ ಯಾವ ಮುಖ ಇಟ್ಟುಕೊಂಡು ಬಡಿಸಲಿ?